ರೆಕ್ಕೆ ಹೊಲಿದ ವಾರಗಿತ್ತಿಯರು

ಮಾಕಳಿಯ ಕೃಷ್ಣಮ್ಮನೂ ವಸಂತಮ್ಮನೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಇಬ್ಬರೂ ವಾರಗಿತ್ತಿಯರು. ಅಣ್ಣ ಚಿಕ್ಕಬೈರಪ್ಪನ ಹೆಂಡತಿ ಕೃಷ್ಣಮ್ಮ, ತಮ್ಮ ನಂಜಪ್ಪನ ಹೆಂಡತಿ ವಸಂತಮ್ಮ. ಇದ್ದದ್ದು ಒಂದೇ ಮನೆ. ಜಗಳವಾದ ಮೇಲೆ ಹಜಾರದ ನಡುವೆ ಎದೆಮಟ್ಟದ ಗೋಡೆ ಎದ್ದಿತ್ತು. ಬಾವಿ ಮಾತ್ರ ಎರಡಾಗಲಿಲ್ಲ. ಒಬ್ಬಳು ನೀರು ಸೇದುವಾಗ ಇನ್ನೊಬ್ಬಳು ಕೊಡ ಹಿಡಿದುಕೊಂಡು ಬೇಲಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಹೇಳಲೇಬೇಕಾದದ್ದು ಏನಾದರೂ ಇದ್ದರೆ ಎಮ್ಮೆಗೆ ಹೇಳುತ್ತಿದ್ದರು. ಬಾವಿಕಟ್ಟೆ ತೊಳೆಯದೆ ಹೋಗುವವರ ವಿಚಾರ, ಬೇರೆಯವರ ಹಿತ್ತಿಲಿಗೆ ಕೋಳಿ ಬಿಡುವವರ ವಿಚಾರ, ಎಲ್ಲ ಆ ಎಮ್ಮೆಗೆ ಗೊತ್ತಿತ್ತು. ಅಣ್ಣತಮ್ಮಂದಿರಿಗೆ ಮಾತ್ರ ಜಗಳವಿರಲಿಲ್ಲ. ಅವರು ಹೆಂಡತಿಯರ ಕಣ್ಣು ತಪ್ಪಿಸಿ ಹೊಲದ ಬದುವಿನ ಮೇಲೆ ಕೂತು ಒಂದು ಬೀಡಿಯನ್ನು ಇಬ್ಬರೂ ಸೇದಿ, ಬೇರೆ ಬೇರೆ ದಾರಿಯಲ್ಲಿ ಮನೆಗೆ ಬರುತ್ತಿದ್ದರು.

ಜಗಳ ಹುಟ್ಟಿದ್ದು ಸಾರಿನಿಂದ. ಕೃಷ್ಣಮ್ಮನ ಮಗಳು ಸೀತಾಳ ವೀಳ್ಯಶಾಸ್ತ್ರದ ದಿನ ತುಮಕೂರು ಕಡೆಯಿಂದ ನಲವತ್ತು ಜನ ಬೀಗರು ಬಂದು ಪಂಕ್ತಿಯಲ್ಲಿ ಕೂತಿದ್ದರು. ಅವರೆಕಾಳು ಸಾರು ಕೃಷ್ಣಮ್ಮನ ಕೈಯದು. ಸೌಟು ಹಿಡಿದು ಬಡಿಸುತ್ತಿದ್ದ ವಸಂತಮ್ಮ ಪಂಕ್ತಿಯ ನಡುವೆ ನಿಂತು, ಸಾರಿಗೆ ಉಪ್ಪೇ ಬಿದ್ದಿಲ್ಲವಲ್ಲ ಅಕ್ಕ ಎಂದುಬಿಟ್ಟಳು. ಗಂಡಿನ ಸೋದರತ್ತೆ ಕಿಸಕ್ಕನೆ ನಕ್ಕಳು. ಮದುವೆಯೇನೂ ನಿಲ್ಲಲಿಲ್ಲ, ಸೀತಾ ಗಂಡನ ಮನೆಗೆ ಹೋಗಿ ಒಂದು ಮಗುವನ್ನೂ ಹೆತ್ತಳು. ಆದರೆ ಆ ನಗು ಕೃಷ್ಣಮ್ಮನ ಕಿವಿಯಿಂದ ಹೋಗಲಿಲ್ಲ. ಉಪ್ಪು ಹಾಕಿದ್ದೆ ಎಂದು ಅವಳು, ಇರಲಿಲ್ಲ ಎಂದು ಇವಳು. ಇಬ್ಬರೂ ಊರಿನ ಯಾರ ಮುಂದೆ ಬೇಕಾದರೂ ಕರ್ಪೂರ ಹಚ್ಚಿ ಪ್ರಮಾಣ ಮಾಡಲು ತಯಾರಿದ್ದರು.

ಇಂಥ ಇಬ್ಬರನ್ನು ಗೋಪಾಲಕೃಷ್ಣ ಎಂಬ ಪಾಪದ ಮನುಷ್ಯ ಏನೂ ಅರಿಯದೆ ಒಂದೇ ಕೆಲಸಕ್ಕೆ ಕರೆದುಬಿಟ್ಟ.

ಗೋಪಾಲಕೃಷ್ಣ ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನಗಳ ಮೈ ರಿಪೇರಿ ಮಾಡಿ ನಿವೃತ್ತನಾದವನು. ಜಾಲಹಳ್ಳಿಯಲ್ಲಿ ಮನೆ, ಪೀಣ್ಯದಲ್ಲಿ ಒಂದು ಶೆಡ್ಡು. ಎಡಕ್ಕೆ ಲೇತ್ ಅಂಗಡಿ, ಬಲಕ್ಕೆ ಬೋಲ್ಟು ಮಾಡುವ ಅಂಗಡಿ, ನಡುವೆ ಇವನ ಶೆಡ್ಡಿನೊಳಗೆ ಬಟ್ಟೆ ಹೊದಿಸುವ ಹಳೆಯ ಕಾಲದ ವಿಮಾನಗಳು. ಈಗಿನ ವಿಮಾನಗಳಿಗೆಲ್ಲ ತಗಡಿನ ಮೈ. ಆದರೆ ವಿಮಾನ ಕಲಿಸುವ ಶಾಲೆಗಳಲ್ಲಿ ಎರಡು ಸೀಟಿನ ಸಣ್ಣ ವಿಮಾನಗಳು ಇನ್ನೂ ಉಳಿದಿದ್ದವು. ಮರದ ಎಲುಬು, ಮೇಲೆ ಹತ್ತಿಬಟ್ಟೆಯ ಚರ್ಮ. ಕೆಲವು ವರ್ಷಕ್ಕೊಮ್ಮೆ ಬಟ್ಟೆ ಬಿಸಿಲಿಗೆ ಜೀರ್ಣವಾಗುತ್ತದೆ. ಆಗ ಹಳೆಯದನ್ನು ಸುಲಿದು ಹೊಸದು ಹೊದಿಸಬೇಕು. ೧೯೮೧ರ ಆಷಾಢದಲ್ಲಿ ಜಕ್ಕೂರಿನ ವಿಮಾನಶಾಲೆಯಿಂದ ಅಂಥದೊಂದು ವಿಮಾನ ರೆಕ್ಕೆ ಕಳಚಿಕೊಂಡು ಲಾರಿಯಲ್ಲಿ ಇವನ ಶೆಡ್ಡಿಗೆ ಬಂತು.

ಬಟ್ಟೆಯ ಉದ್ದುದ್ದ ಹೊಲಿಗೆಯನ್ನು ಗೋಪಾಲಕೃಷ್ಣ ತಾನೇ ಮಿಷನ್ನಿನಲ್ಲಿ ಹಾಕಿದ. ಆದರೆ ಹೊದಿಸಿದ ಬಟ್ಟೆಯನ್ನು ರೆಕ್ಕೆಯೊಳಗಿನ ಒಂದೊಂದು ಪಕ್ಕೆಲುಬಿಗೂ ಕೈಯಿಂದಲೇ ಬಿಗಿಯಬೇಕು. ಮೇಣ ತೀಡಿದ ದಾರ, ಗೇಣುದ್ದದ ಸೂಜಿ, ಮೂರು ಮೂರು ಬೆರಳಿಗೆ ಒಂದು ಗಂಟು. ಯಶವಂತಪುರದಿಂದ ಕರೆತಂದ ಇಬ್ಬರು ದರ್ಜಿಗಳು ಎರಡು ದಿನ ಮಾಡಿ, ಬೆರಳು ಕುಯ್ದುಕೊಂಡು, ಇದು ಮನುಷ್ಯರ ಕೆಲಸವಲ್ಲ ಎಂದು ಹೋದರು. ಆ ವಾರ ಮನೆಗೆ ರಾಗಿ ಕೊಳ್ಳಲು ಮಾಕಳಿಯ ನಲ್ಲಪ್ಪನ ಮಿಲ್ಲಿಗೆ ಹೋದ ಗೋಪಾಲಕೃಷ್ಣ, ಅಲ್ಲಿ ಅಟ್ಟಿ ಹಾಕಿದ್ದ ಮೂಟೆಗಳ ಬಾಯಿಯನ್ನು ನೋಡುತ್ತ ನಿಂತುಬಿಟ್ಟ. ದಬ್ಬಳದಲ್ಲಿ ಹೊಲಿದ ಗೋಣಿದಾರ. ಅಳತೆಪಟ್ಟಿ ಇಟ್ಟು ಹೊಲಿದಷ್ಟು ಸಮ. ಯಾರು ಹೊಲಿದದ್ದು ಎಂದು ಕೇಳಿದ. ಈ ಅಟ್ಟಿ ಕೃಷ್ಣಮ್ಮ, ಆ ಅಟ್ಟಿ ವಸಂತಮ್ಮ ಎಂದ ನಲ್ಲಪ್ಪ. ಎರಡಕ್ಕೂ ಗೋಪಾಲಕೃಷ್ಣನಿಗೆ ಗುಲಗಂಜಿಯಷ್ಟು ವ್ಯತ್ಯಾಸ ಕಾಣಲಿಲ್ಲ. ಇಬ್ಬರಿಗೂ ಬರಹೇಳಿದ. ಅವರಿಬ್ಬರು ಹೇಗೆ ಎಂಬುದನ್ನು ಹೇಳಲು ನಲ್ಲಪ್ಪ ಬಾಯಿ ತೆರೆದ. ಯಾಕೋ ಮತ್ತೆ ಮುಚ್ಚಿಕೊಂಡ.

ಸೋಮವಾರ ಬೆಳಿಗ್ಗೆ ಇಬ್ಬರೂ ನೆಲಮಂಗಲದಿಂದ ಬರುವ ಬಸ್ಸು ಹತ್ತಿದರು, ಒಬ್ಬಳು ಮುಂದಿನ ಬಾಗಿಲಿಂದ, ಇನ್ನೊಬ್ಬಳು ಹಿಂದಿನ ಬಾಗಿಲಿಂದ. ಪೀಣ್ಯದಲ್ಲಿ ಇಬ್ಬರೂ ಇಳಿದರು. ಇವಳೇಕೆ ನನ್ನ ಹಿಂದೆ ಬರುತ್ತಿದ್ದಾಳೆ ಎಂದು ಕೃಷ್ಣಮ್ಮ ಬಿರಬಿರನೆ ನಡೆದಳು. ಇವಳೇಕೆ ನನ್ನ ದಾರಿ ಹಿಡಿದಿದ್ದಾಳೆ ಎಂದು ವಸಂತಮ್ಮ ಇನ್ನೂ ಬಿರುಸಾಗಿ ನಡೆದಳು. ಕೊನೆಗೆ ಇಬ್ಬರೂ ಹೆಚ್ಚುಕಡಿಮೆ ಓಡುತ್ತಲೇ ಶೆಡ್ಡಿನ ಬಾಗಿಲಿಗೆ ಬಂದರು. ಏದುಸಿರು ಬಿಡುತ್ತಿದ್ದ ಇಬ್ಬರನ್ನು ನೋಡಿ, ಕೆಲಸದ ಮೇಲೆ ಎಂಥ ಉತ್ಸಾಹ ಎಂದು ಗೋಪಾಲಕೃಷ್ಣನಿಗೆ ತುಂಬ ಸಂತೋಷವಾಯಿತು.

ಒಳಗೆ ರೆಕ್ಕೆಯನ್ನು ಮಗ್ಗುಲಾಗಿ, ಗೋಡೆಯ ಹಾಗೆ ನಿಲ್ಲಿಸಿತ್ತು. ತಲೆಗಿಂತ ಎತ್ತರ, ಎರಡು ಎತ್ತಿನ ಗಾಡಿಯಷ್ಟು ಉದ್ದ. ಗೋಪಾಲಕೃಷ್ಣ ಕೆಲಸ ತೋರಿಸಿಕೊಟ್ಟ. ಒಬ್ಬರು ಈ ಬದಿ ನಿಂತು ಸೂಜಿ ತೂರಿಸಬೇಕು, ಇನ್ನೊಬ್ಬರು ಆ ಬದಿ ನಿಂತು ಅದನ್ನು ಹಿಡಿದು, ದಾರ ಜಗ್ಗಿ, ಪಕ್ಕೆಲುಬಿನ ಇನ್ನೊಂದು ಪಕ್ಕದಿಂದ ವಾಪಸು ಕಳಿಸಬೇಕು. ಗಂಟು ಬೀಳುವುದು ಒಂದೇ ಬದಿ. ಈ ಕಡೆ ನಾನು ನಿಲ್ಲುತ್ತೇನೆ ಎಂದು ಇಬ್ಬರೂ ಒಟ್ಟಿಗೆ ಗಂಟಿನ ಬದಿಗೆ ಬಂದರು. ಅಲ್ಲಿಂದ ಶುರುವಾಯಿತು ಅವನ ಪಾಡು. ಒಂದು ಪಕ್ಕೆಲುಬಿಗೆ ಇವರ ಗಂಟು, ಮುಂದಿನದಕ್ಕೆ ಅವರ ಗಂಟು ಎಂದು ಸರದಿ ಹಚ್ಚಿದ.

ಅದಾದ ಮೇಲೆ ಗೊತ್ತಾಯಿತು, ಇವರು ಮಾತಾಡುವುದಿಲ್ಲ. ಸೂಜಿ ಬಂತು ಎಂದು ಹೇಳುವವರಿಲ್ಲ, ಜಗ್ಗು ಎಂದು ಹೇಳುವವರಿಲ್ಲ. ಇಲ್ಲಿ ಎಮ್ಮೆಯೂ ಇಲ್ಲ. ಹಾಗಾಗಿ ಎಲ್ಲವನ್ನೂ ಗೋಪಾಲಕೃಷ್ಣನಿಗೆ ಹೇಳತೊಡಗಿದರು. ಆಚೆಯವರು ದಾರ ಬಿಗಿಯಾಗಿ ಎಳೆಯಬೇಕಂತೆ ಎಂದು ಅವನು ರೆಕ್ಕೆಯನ್ನು ಸುತ್ತಿಕೊಂಡು ಹೋಗಿ ಹೇಳಬೇಕು. ಈಚೆಯವರು ಸೂಜಿಯನ್ನು ಒಂದು ಕೂದಲು ಕೆಳಗೆ ತೂರಿಸಬೇಕಂತೆ ಎಂದು ಮತ್ತೆ ಸುತ್ತಿಕೊಂಡು ಬಂದು ಹೇಳಬೇಕು. ಸಂಜೆಯ ಹೊತ್ತಿಗೆ ಅವನ ಮೊಣಕಾಲು ನೋಯುತ್ತಿತ್ತು. ಆದರೆ ಬಿದ್ದ ಗಂಟುಗಳನ್ನು ಬೆರಳಿಂದ ಸವರಿ ನೋಡಿದ. ವಾಯುಪಡೆಯಲ್ಲಿ ಇಪ್ಪತ್ತು ವರ್ಷದಲ್ಲಿ ಇಂಥ ಗಂಟು ಅವನು ಕಂಡಿರಲಿಲ್ಲ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡರಾಯಿತು ಎಂದುಕೊಂಡ.

ಹತ್ತನೆಯ ದಿನ ಸರ್ಕಾರದ ಕಡೆಯಿಂದ ಇನ್‌ಸ್ಪೆಕ್ಟರ್ ರಾಮಪ್ರಸಾದ ಬಂದರು. ಹೊಲಿಗೆಯ ಮೇಲೆ ಪಟ್ಟಿ ಅಂಟಿಸುವ ಮುಂಚೆ ಒಂದೊಂದು ಗಂಟನ್ನೂ ಅವರು ನೋಡಬೇಕಿತ್ತು. ತೆಳ್ಳಗೆ, ಮೆತ್ತಗೆ ಮಾತಾಡುವ ಮನುಷ್ಯ. ಟಾರ್ಚು ಹಿಡಿದು ಎರಡು ಗಂಟೆ ನೋಡಿದರು. ಹನ್ನೊಂದನೆಯ ಪಕ್ಕೆಲುಬಿನಲ್ಲಿ ಒಂದು ಗಂಟಿನ ಮೇಲೆ ಉಗುರಿಟ್ಟು, ಇದು ಸಡಿಲ, ಯಾರದು ಎಂದು ಕೇಳಿದರು.

ಗಂಟು ನನ್ನದೇ, ಆದರೆ ಆಚೆಯವರು ದಾರ ಜಗ್ಗದಿದ್ದರೆ ಗಂಟು ಏನು ಮಾಡುತ್ತದೆ ಎಂದು ವಸಂತಮ್ಮ ಗೋಪಾಲಕೃಷ್ಣನಿಗೆ ಹೇಳಿದಳು. ಜಗ್ಗಿದ್ದು ಜಗ್ಗಿದ ಹಾಗೇ ಇತ್ತು, ಕಟ್ಟುವವರ ಗಮನ ಎಲ್ಲಿತ್ತೋ ಎಂದು ಕೃಷ್ಣಮ್ಮ ಆ ಬದಿಯಿಂದ ಅವನಿಗೇ ಹೇಳಿದಳು. ರಾಮಪ್ರಸಾದರು ಬಗ್ಗಿ ರೆಕ್ಕೆಯ ಆಚೆ ನೋಡಿದರು, ಈಚೆ ನೋಡಿದರು. ಇಬ್ಬರಲ್ಲಿ ಒಬ್ಬರಿಗೆ ಕಿವಿ ಕೇಳಿಸುವುದಿಲ್ಲವೇನೋ ಎಂದುಕೊಂಡರು. ಆಮೇಲೆ ಗೋಪಾಲಕೃಷ್ಣನ ಮುಖ ನೋಡಿ ಅರ್ಥಮಾಡಿಕೊಂಡರು.

ಅವರು ಸಿಟ್ಟಾಗಲಿಲ್ಲ. ಇಬ್ಬರನ್ನೂ ಒಂದೇ ಬದಿಗೆ ಕರೆದು, ಅಂಗೈಯನ್ನು ರೆಕ್ಕೆಯ ಹಾಗೆ ಚಾಚಿ ತೋರಿಸಿದರು. ಗಾಳಿಯಲ್ಲಿ ಹೋಗುವಾಗ ಮೇಲಿನ ಬಟ್ಟೆಯನ್ನು ಗಾಳಿ ಮೇಲಕ್ಕೆ ಹೀರುತ್ತದೆ. ಒಂದು ಗಂಟು ಬಿಟ್ಟುಕೊಂಡರೆ ಅದರ ಭಾರ ಪಕ್ಕದ ಗಂಟಿಗೆ ಬೀಳುತ್ತದೆ. ಅದೂ ಬಿಟ್ಟರೆ ಅದರಾಚೆಯದಕ್ಕೆ.

"ರಾಗಿ ಮೂಟೆ ಬಿಚ್ಚಿಕೊಂಡ್ರೆ ಗುಡಿಸಿ ತುಂಬ್ಕೋಬಹುದಮ್ಮ," ಎಂದರು. "ಇದ್ರಲ್ಲಿ ಇಬ್ರು ಕೂತಿರ್ತಾರೆ."

ಅಲ್ಲಿಯವರೆಗೆ ಅವರಿಗೆ ಅದು ರೆಕ್ಕೆ, ಕೆಲಸ, ಬಟ್ಟೆ. ಅದರೊಳಗೆ ಜನ ಕೂತು ಮೇಲೆ ಹೋಗುತ್ತಾರೆಂಬುದು ಗೊತ್ತಿದ್ದರೂ ಮನಸ್ಸಿಗೆ ಬಂದಿರಲಿಲ್ಲ. ರಾಮಪ್ರಸಾದರು ಹೋದ ಮೇಲೆ ಕೃಷ್ಣಮ್ಮ ಹನ್ನೊಂದನೆಯ ಪಕ್ಕೆಲುಬಿನ ದಾರವನ್ನಷ್ಟೂ ಕತ್ತರಿಸಿ ತೆಗೆದಳು. ವಸಂತಮ್ಮ ಹೊಸ ದಾರಕ್ಕೆ ಮೇಣ ತೀಡಿದಳು. ಆವತ್ತು ಗೋಪಾಲಕೃಷ್ಣ ಸುತ್ತಿ ಬರಬೇಕಾಗಲಿಲ್ಲ. ದಾರವನ್ನು ಒಂದು ಸಲ ಮಿಡಿದರೆ ಸೂಜಿ ಸಿಕ್ಕಿತು ಎಂದು ಅರ್ಥ, ಎರಡು ಸಲ ಮಿಡಿದರೆ ಜಗ್ಗು ಎಂದು ಅರ್ಥ. ಯಾರು ಯಾರಿಗೂ ಹೇಳಿಕೊಡದೆ ಅದು ಹೇಗೋ ಬಂದಿತ್ತು. ಉಳಿದ ಪಕ್ಕೆಲುಬುಗಳೂ, ಆಮೇಲೆ ಎರಡನೆಯ ರೆಕ್ಕೆಯೂ ಹಾಗೇ ಮುಗಿದವು. ಮಾತು ಮಾತ್ರ ಇನ್ನೂ ಇರಲಿಲ್ಲ.

ಹೊಲಿಗೆ ಮುಗಿದ ಮೇಲೆ ಡೋಪು. ನೋಡಲು ಹರಳೆಣ್ಣೆಯ ಹಾಗೆ ಮಂದವಾದ ದ್ರಾವಣ. ವಾಸನೆ ಮಾತ್ರ ಕಳಿತ ಬಾಳೆಹಣ್ಣಿನದು. ಬ್ರಷ್ಷಿನಲ್ಲಿ ಬಟ್ಟೆಗೆ ಬಳಿದರೆ ಅದು ಒಣಗುತ್ತ ಒಣಗುತ್ತ ಬಟ್ಟೆಯನ್ನು ಬಿಗಿಯುತ್ತದೆ. ಮೊದಲ ಕೋಟು ಬಳಿದಾಗ ವಸಂತಮ್ಮ ಪಕ್ಕದಲ್ಲೇ ಕೂತು ನೋಡಿದಳು. ಸುಕ್ಕುಗಳು ಒಂದೊಂದಾಗಿ ತಾವೇ ಮಾಯವಾದವು. ಮಧ್ಯಾಹ್ನ ಹೊತ್ತಿಗೆ ಬೆರಳಿಂದ ತಟ್ಟಿದರೆ ರೆಕ್ಕೆ ತಮಟೆಯ ಹಾಗೆ ಡಬ್ ಎಂದಿತು. ಅವಳಿಗೆ ಅದು ಎಷ್ಟು ಇಷ್ಟವಾಯಿತೆಂದರೆ, ಯಾರೂ ನೋಡದಾಗ ಹೋಗಿ ಇನ್ನೊಮ್ಮೆ ತಟ್ಟಿ ಬಂದಳು. ಸ್ವಲ್ಪ ಹೊತ್ತಿಗೆ ಆ ಬದಿಯಿಂದಲೂ ಡಬ್ ಎಂದು ಕೇಳಿಸಿತು.

ಡೋಪಿಗೆ ಶತ್ರು ತೇವ. ಗಾಳಿಯಲ್ಲಿ ನೀರಿನ ಪಸೆ ಇದ್ದರೆ ಒಣಗುವಾಗ ಬೂದಿ ಎರಚಿದ ಹಾಗೆ ಬಿಳಿಚಿಕೊಳ್ಳುತ್ತದೆ. ಅಂಥ ಜಾಗದಲ್ಲಿ ಬಲವೂ ಕಡಿಮೆ. ಆ ಶ್ರಾವಣದಲ್ಲೋ ದಿನಾ ಜಿಟಿಜಿಟಿ ಮಳೆ. ಹಾಗಾಗಿ ಗೋಪಾಲಕೃಷ್ಣ ಬಾಗಿಲು ಕಿಟಕಿ ಮುಚ್ಚಿಸಿ, ಗೋಡೆಯ ಮೇಲಿನ ದೊಡ್ಡ ಫ್ಯಾನು ಒಳಗಿನ ಹಬೆಯನ್ನು ಹೊರಕ್ಕೆ ಎಳೆಯುವ ಹಾಗೆ ಮಾಡಿದ್ದ. ಶೆಡ್ಡಿನೊಳಗೆ ಬೆಂಕಿಕಡ್ಡಿ ತರುವ ಹಾಗಿರಲಿಲ್ಲ. ಇನ್ನೊಂದು ಕಟ್ಟುನಿಟ್ಟು: ರೆಕ್ಕೆಯ ಒಂದು ಅಂಕಣ ಶುರುಮಾಡಿದರೆ ನಡುವೆ ನಿಲ್ಲಿಸಬಾರದು. ನಿಲ್ಲಿಸಿದರೆ ಒಣಗಿದ ಅಂಚಿನ ಮೇಲೆ ಹೊಸದು ಕೂತು ಗೆರೆ ಬೀಳುತ್ತದೆ.

ಒಂದು ಮಂಗಳವಾರ ಮಧ್ಯಾಹ್ನ ಡೋಪನ್ನು ತೆಳುಮಾಡುವ ಥಿನ್ನರು ಮುಗಿಯಿತೆಂದು ಗೋಪಾಲಕೃಷ್ಣ ಸ್ಕೂಟರು ಹತ್ತಿ ಯಶವಂತಪುರಕ್ಕೆ ಹೋದ. ಅರ್ಧ ಗಂಟೆಯಲ್ಲಿ ಬರುತ್ತೇನೆ, ಅಷ್ಟರಲ್ಲಿ ಈ ಅಂಕಣ ಮುಗಿಸಿ ಎಂದ. ರೆಕ್ಕೆಯನ್ನು ಈಗ ಮಲಗಿಸಿತ್ತು. ಕೃಷ್ಣಮ್ಮ ಆ ತುದಿಯಿಂದ, ವಸಂತಮ್ಮ ಈ ತುದಿಯಿಂದ ಬಳಿಯುತ್ತ ಬಂದರು. ಎರಡು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಾಲ್ಕು ಸುತ್ತು ನಿಧಾನವಾಗಿ ತಿರುಗಿ ನಿಂತಿತು. ಹೊರಗೆ ಮಳೆ. ಬಾಗಿಲು ತೆಗೆದರೆ ತೇವ ಬಂದು ಬಿಳಿಚಿಕೊಳ್ಳುತ್ತದೆ. ಕೆಲಸ ನಿಲ್ಲಿಸಿದರೆ ಗೆರೆ ಬೀಳುತ್ತದೆ. ಮಾತಾಡುತ್ತಿದ್ದರೆ ಏನು ಮಾಡೋಣ ಎಂದು ಕೇಳಿಕೊಳ್ಳುತ್ತಿದ್ದರೋ ಏನೋ. ಇಬ್ಬರೂ ತಲೆ ಬಗ್ಗಿಸಿ ಬಳಿಯುತ್ತಲೇ ಹೋದರು.

ಹತ್ತು ನಿಮಿಷಕ್ಕೆ ವಸಂತಮ್ಮನಿಗೆ ತನ್ನ ಬ್ರಷ್ಷು ತುಂಬ ದೂರದಲ್ಲಿದ್ದ ಹಾಗೆ ಕಂಡಿತು. ಅದನ್ನು ಹಿಡಿದ ಕೈಯೂ ದೂರದಲ್ಲಿತ್ತು. ಅದು ಯಾರದೋ ಕೈ, ಪಾಪ ಎಷ್ಟು ಚೆನ್ನಾಗಿ ಬಳಿಯುತ್ತಿದೆ ಎನಿಸಿತು. ಅವಳಿಗೆ ನಗು ಬಂತು. ತಡೆದುಕೊಂಡಳು. ಮೂಗಿನಿಂದ ಹೊರಟಿತು.

ಕೃಷ್ಣಮ್ಮ ತಲೆ ಎತ್ತಿ ನೋಡಿದಳು. ವಸಂತಮ್ಮನ ಮೂಗಿನ ತುದಿಯಲ್ಲಿ ಒಂದು ತೊಟ್ಟು ಡೋಪು ಒಣಗಿ, ಹೊಳೆಯುತ್ತ, ಮೂಗುಬೊಟ್ಟು ಜಾಗ ತಪ್ಪಿದ ಹಾಗೆ ಕೂತಿತ್ತು. ಕೃಷ್ಣಮ್ಮನಿಗೆ ಮೂರು ವರ್ಷದಿಂದ ಆ ಮುಖ ನೋಡಿ ಬರದಿದ್ದ ನಗು ಒಮ್ಮೆಗೇ ಬಂತು. ಅವಳು ನಕ್ಕಿದ್ದಕ್ಕೆ ಇವಳು ನಕ್ಕಳು. ಇವಳು ನಕ್ಕಿದ್ದಕ್ಕೆ ಅವಳು ರೆಕ್ಕೆಯ ಅಂಚು ಹಿಡಿದುಕೊಂಡಳು. ಆದರೂ ಇಬ್ಬರ ಕೈಯೂ ಬಳಿಯುವುದನ್ನು ಬಿಡಲಿಲ್ಲ. ನಗುತ್ತ ನಗುತ್ತ ಎರಡು ತುದಿಯಿಂದ ಬಂದು ನಡುವೆ ಸೇರಿದರು. ಕೊನೆಯ ಗೇಣು ಬಳಿದು, ಬ್ರಷ್ಷನ್ನು ಡಬ್ಬಕ್ಕೆ ಹಾಕಿ, ಇಬ್ಬರೂ ಅಲ್ಲೇ ನೆಲದ ಮೇಲೆ ಕುಸಿದು ಕೂತರು.

"ಅಕ್ಕ," ಎಂದಳು ವಸಂತಮ್ಮ, ಕಣ್ಣೊರೆಸಿಕೊಳ್ಳುತ್ತ. "ಒಂದ್ ಮಾತ್ ಯೋಳ್ತೀನಿ. ಬೈಬಾರ್ದು."

"ಯೋಳೆ."

"ಅವತ್ತು ನಾನು ಸಾರು ನಾಲಿಗೆ ಮೇಲೇ ಇಟ್ಟಿರ್ಲಿಲ್ಲ ಕಣಕ್ಕ. ಎಲ್ರೂ ನಿನ್ನೇ ಒಗಳ್ತಿದ್ರು. ಒಟ್ಟೆ ಉರೀತು. ಸುಮ್ಕೆ ಅಂದ್ಬಿಟ್ಟೆ."

ಕೃಷ್ಣಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಅವಳ ಮುಖ ಒಂದು ಗಳಿಗೆ ಗಂಭೀರವಾಯಿತು. ಆಮೇಲೆ ಹೊಟ್ಟೆಯಿಂದ ಎದ್ದ ನಗು ಅವಳನ್ನು ಹಿಂದಕ್ಕೆ ಕೆಡವಿತು.

"ಉಪ್ಪು ಆಕಿರ್ಲೇ ಇಲ್ಲ ಕಣೆ," ಎಂದಳು ಬಿದ್ದಲ್ಲಿಂದಲೇ. "ಮರ್ತೋಗಿದ್ದೆ. ನೀನು ಅಂದಾಗ್ಲೇ ನೆಪ್ಪಾಗಿದ್ದು."

ತಾನು ಹೇಳಿದ್ದು ಸುಳ್ಳೆಂದು ಒಬ್ಬಳು ಮೂರು ವರ್ಷ ತಿಳಿದಿದ್ದಳು, ಅವಳು ನಿಜ ಹೇಳಿದ್ದಕ್ಕೇ ಇನ್ನೊಬ್ಬಳು ಹಗೆ ಸಾಧಿಸಿದ್ದಳು. ಇದು ಇಬ್ಬರಿಗೂ ಒಟ್ಟಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಗೋಡೆ ಕಟ್ಟಲು ಹೊತ್ತ ಇಟ್ಟಿಗೆ, ತುಳಿದ ಮಣ್ಣು, ಸಾಕ್ಷಿಯಾಗಿದ್ದ ಎಮ್ಮೆ, ಒಂದೊಂದನ್ನೇ ನೆನೆದು ನಕ್ಕರು. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ವಸಂತಮ್ಮ ನಲವತ್ತು ಜನ ಬೀಗರು ಸಪ್ಪೆ ಸಾರನ್ನು ಸುಮ್ಮನೆ ಉಂಡು ಹೋದದ್ದನ್ನು ನೆನಪಿಸಿದಳು. ಏಳಲು ಹೋದ ಕೃಷ್ಣಮ್ಮ ನಗುತ್ತ ಮತ್ತೆ ಕೂತಳು.

ಗೋಪಾಲಕೃಷ್ಣ ಬಂದಾಗ ಫ್ಯಾನು ನಿಂತಿದ್ದು ಹೊರಗಿನಿಂದಲೇ ಕಂಡಿತು. ಒಳಗಿನಿಂದ ಚೀರಾಟದಂಥ ಸದ್ದು. ಥಿನ್ನರಿನ ಡಬ್ಬ ಬಿಸಾಡಿ, ಬಾಗಿಲು ಕಿತ್ತು ತೆಗೆದು, ಉಸಿರು ಕಟ್ಟಿಕೊಂಡು ಒಳನುಗ್ಗಿದ. ಒಬ್ಬೊಬ್ಬರನ್ನು ಒಂದೊಂದು ತೋಳಿಗೆ ಹಾಕಿಕೊಂಡು ಹೊರಗೆಳೆದು ತಂದು ಮಳೆಯಲ್ಲೇ ಕೂರಿಸಿದ. ಲೇತ್ ಅಂಗಡಿಯವರು ಬಾಗಿಲಿಗೆ ಬಂದು ನಿಂತು ನೋಡಿದರು: ತಲೆನರೆತ ಇಬ್ಬರು ಹೆಂಗಸರು ಜಿಟಿಮಳೆಯಲ್ಲಿ ಕಾಲು ಚಾಚಿ ಕೂತು, ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟು ನಗುತ್ತಿದ್ದಾರೆ, ಎದುರಿಗೆ ಮಿಲಿಟರಿ ಮೀಸೆಯ ಗೋಪಾಲಕೃಷ್ಣ ಕೈಮುಗಿದು ನಿಂತಿದ್ದಾನೆ.

ನಗು ಇಳಿದಾಗ ತಲೆನೋವು ಹತ್ತಿತು, ವಾಂತಿಯೂ ಆಯಿತು. ಡೋಪಿನ ಹಬೆಯಲ್ಲಿ ಇನ್ನಷ್ಟು ಹೊತ್ತು ಇದ್ದಿದ್ದರೆ ಇಬ್ಬರೂ ಎಚ್ಚರ ತಪ್ಪುತ್ತಿದ್ದರು, ಆಮೇಲೆ ಏನಾಗುತ್ತಿತ್ತೋ ಹೇಳಲಾಗದು ಎಂದು ಗೋಪಾಲಕೃಷ್ಣ ಕಣ್ಣಲ್ಲಿ ನೀರು ತಂದುಕೊಂಡ. ತಪ್ಪು ನಂದು ಎಂದ. ಅಂದಿನಿಂದ ಡೋಪು ಬಳಿಯುವಾಗ ಅವನು ಶೆಡ್ಡು ಬಿಟ್ಟು ಹೋಗಲಿಲ್ಲ. ಕರೆಂಟು ಹೋದರೆ ಗೆರೆ ಬೀಳಲಿ, ಬೂದಿ ಬೀಳಲಿ, ಎಲ್ಲ ಬಿಟ್ಟು ಹೊರಗೆ ಓಡಬೇಕು ಎಂದು ಆಣೆ ಹಾಕಿಸಿದ. ಅಂದು ಬಳಿದ ಅಂಕಣ ಮಾತ್ರ ಗೆರೆಯಿಲ್ಲದೆ, ಬೂದಿಯಿಲ್ಲದೆ, ಕನ್ನಡಿಯ ಹಾಗೆ ಒಣಗಿತ್ತು.

ಮರುದಿನ ಬೆಳಿಗ್ಗೆ ಕೃಷ್ಣಮ್ಮ ಬಸ್‌ಸ್ಟಾಪಿಗೆ ಬಂದಾಗ ವಸಂತಮ್ಮ ಆಗಲೇ ಅಲ್ಲಿದ್ದಳು, ಹಣೆಗೆ ಬಟ್ಟೆ ಕಟ್ಟಿಕೊಂಡು. ಇಬ್ಬರಿಗೂ ನಾಚಿಕೆ. ನಿನ್ನೆ ಆಡಿದ ಮಾತು ಮೈಮೇಲೆ ಎಚ್ಚರವಿಲ್ಲದಾಗ ಆಡಿದ್ದು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಕೃಷ್ಣಮ್ಮ ರಸ್ತೆಯ ಆ ಕಡೆ ನೋಡಿದಳು. ಒಂದು ಲಾರಿ ಹೋಯಿತು. ಇನ್ನೊಂದು ಲಾರಿ ಹೋಯಿತು.

"ತಲೆನೋವು ಓಯ್ತೇನೆ?" ಎಂದಳು.

ವಸಂತಮ್ಮ ಹಣೆಯ ಬಟ್ಟೆ ಸರಿಮಾಡಿಕೊಂಡಳು. ಆಮೇಲೆ, "ಇಲ್ಲ ಕಣಕ್ಕ. ನಿಂಗೆ?" ಎಂದಳು.

"ನಂಗೂ ಇಲ್ಲ."

ಬಸ್ಸು ಬಂತು. ಒಂದೇ ಬಾಗಿಲಿಂದ ಹತ್ತಿ ಒಂದೇ ಸೀಟಿನಲ್ಲಿ ಕೂತರು. ಮೂರು ವರ್ಷದ ಸುದ್ದಿ ಬಾಕಿಯಿತ್ತು. ಸೀತಾಳ ಮಗುವಿಗೆ ಹಲ್ಲು ಬಂದದ್ದು, ವಸಂತಮ್ಮನ ತವರಿನಲ್ಲಿ ಬೋರ್‌ವೆಲ್ ತೋಡಿಸಿದ್ದು, ಗಂಡಂದಿರು ಬದುವಿನ ಮೇಲೆ ಕದ್ದು ಬೀಡಿ ಸೇದುತ್ತಿದ್ದುದು. ಅದು ಇಬ್ಬರಿಗೂ ಮೊದಲಿಂದ ಗೊತ್ತಿತ್ತು. ಮಾತಿನ ನಡುವೆ ಪೀಣ್ಯ ಹೋಗಿಬಿಟ್ಟಿತು. ಯಶವಂತಪುರದಲ್ಲಿ ಕಂಡಕ್ಟರು ಸೀಟಿನಿಂದ ಎಬ್ಬಿಸಿ ಇಳಿಸಿದ. ಅಲ್ಲಿಂದ ಮಾತಾಡುತ್ತಲೇ ಹಿಂದಕ್ಕೆ ನಡೆದು ಬಂದರು. ಹೆದರಿ ಕೆಲಸ ಬಿಟ್ಟರೇನೋ ಎಂದು ಗೋಪಾಲಕೃಷ್ಣ ಗೇಟಿನಲ್ಲಿ ನಿಂತು ಕೈ ಹೊಸೆಯುತ್ತಿದ್ದ.

ಆ ಭಾನುವಾರ ಅಣ್ಣತಮ್ಮಂದಿರನ್ನು ಕರೆದು ಗೋಡೆ ಒಡೆಯಿರಿ ಎಂದು ಹೆಂಡತಿಯರು ಹೇಳಿದರು. ಯಾಕೆ ಏನು ಎಂದು ಚಿಕ್ಕಬೈರಪ್ಪ ಕೇಳಲು ಹೋದ. ನಂಜಪ್ಪ ಅವನ ಕಾಲು ತುಳಿದು ಗುದ್ದಲಿ ಕೈಗೆ ಕೊಟ್ಟ.

ಶೆಡ್ಡಿನಲ್ಲಿ ಈಗ ಗೋಪಾಲಕೃಷ್ಣನಿಗೆ ಬೇರೆಯ ಕಷ್ಟ. ಒಂದು ಕ್ಷಣ ಬಾಯಿ ಮುಚ್ಚುತ್ತಿರಲಿಲ್ಲ ಇಬ್ಬರೂ. ಅಂಚಿನಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಪಟ್ಟಿಯನ್ನು ಹೊಲಿಗೆಯ ಮೇಲೆ ಅಂಟಿಸುವಾಗಲೂ ಮಾತು, ಬೆಳ್ಳಿಬಣ್ಣದ ಡೋಪು ಬಳಿಯುವಾಗಲೂ ಮಾತು, ನೀರು ಹಚ್ಚಿದ ಮರಳುಕಾಗದದಲ್ಲಿ ಉಜ್ಜುವಾಗಲೂ ಮಾತು. ಕೊನೆಗೆ ಹಳದಿ ಬಣ್ಣ. ಮೂರನೆಯ ಸಲ ಉಜ್ಜಿದ ಮೇಲೆ ರೆಕ್ಕೆಯಲ್ಲಿ ಮುಖ ಕಾಣಿಸಿತು. ಇಬ್ಬರೂ ಬಗ್ಗಿ ಕುಂಕುಮ ಸರಿಮಾಡಿಕೊಂಡರು. ರಾಮಪ್ರಸಾದರು ಬಂದು, ನೋಡಿ, ತಟ್ಟಿ, ಕಾಗದಕ್ಕೆ ಸಹಿ ಹಾಕಿದರು. ಹೋಗುವಾಗ ಮತ್ತೊಮ್ಮೆ ತಿರುಗಿ ಬಂದು ತಟ್ಟಿದರು. ಯಾಕೆ ಸಾರ್ ಎಂದು ಗೋಪಾಲಕೃಷ್ಣ ಕೇಳಿದ್ದಕ್ಕೆ, ಸುಮ್ಮನೆ ಎಂದರು.

ಕಾರ್ತಿಕದ ಒಂದು ತಿಳಿ ಬೆಳಿಗ್ಗೆ ರೆಕ್ಕೆಗಳು ಜಕ್ಕೂರಿಗೆ ಹೊರಟವು. ವಿಮಾನದ ಮೈ ಮೊದಲೇ ಹೋಗಿತ್ತು. ಲಾರಿಯ ಮೇಲೆ ಹಾಸಿಗೆ ಹಾಸಿ, ಹಗ್ಗ ಬಿಗಿದು, ಆಚೆಗೊಬ್ಬಳು ಈಚೆಗೊಬ್ಬಳು ಹಿಡಿದು ಕೂತರು. ಲಾರಿ ವೇಗ ಹೆಚ್ಚಿಸಿದಾಗಲೆಲ್ಲ ರೆಕ್ಕೆ ಹಗ್ಗದಡಿಯಲ್ಲಿ ಮಿಸುಕಿ ಮೇಲೇಳಲು ನೋಡುತ್ತಿತ್ತು. ಅವರು ಮೈಯೆಲ್ಲ ಹಾಕಿ ಒತ್ತಿ ಹಿಡಿದರು. ಅದು ಮತ್ತೆ ಏಳುತ್ತಿತ್ತು. ಇನ್ನೂ ಮೈಗೆ ಸೇರಿಸಿಲ್ಲ, ಆಗಲೇ ಹಾರಾಟ ನೋಡು ಎಂದು ಕೃಷ್ಣಮ್ಮ ಅದರ ಬೆನ್ನು ತಟ್ಟಿದಳು.

ವಿಮಾನ ಜೋಡಿಸಿ, ಪರೀಕ್ಷೆ ಮಾಡಿ, ಹಾರಲು ಸಿದ್ಧವಾಗಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಗೋಪಾಲಕೃಷ್ಣ ಇಬ್ಬರನ್ನೂ ಅಲ್ಲಿಗೆ ಕರೆತಂದ. ಪ್ಯಾಂಟು ಹಾಕಿಕೊಂಡು, ಉದ್ದ ಜಡೆ ಬಿಟ್ಟುಕೊಂಡ ಹುಡುಗಿಯೊಬ್ಬಳು ವಿಮಾನದ ಸುತ್ತ ಓಡಾಡುತ್ತಿದ್ದಳು. ಆಫೀಸಿನ ಗುಮಾಸ್ತೆಯಿರಬೇಕು ಎಂದುಕೊಂಡಳು ವಸಂತಮ್ಮ. ಅವಳೇ ಪೈಲಟ್, ಪಂಕಜಾ, ಇಲ್ಲಿ ಕಲಿಸುವವಳು ಎಂದು ಗೋಪಾಲಕೃಷ್ಣ ಹೇಳಿದಾಗ ಇಬ್ಬರೂ ಅವಳನ್ನು ಜಡೆಯಿಂದ ಬೂಟಿನವರೆಗೆ ಇನ್ನೊಮ್ಮೆ ನೋಡಿದರು. ಪಂಕಜಾ ಒಬ್ಬಳೇ ಹತ್ತಿ, ಮೇಲೆ ಹೋಗಿ, ಅರ್ಧ ಗಂಟೆ ಎಡಕ್ಕೆ ಬಲಕ್ಕೆ ವಾಲಿಸಿ, ಇಳಿಸಿದಳು. ಅಷ್ಟು ಹೊತ್ತೂ ಕೃಷ್ಣಮ್ಮ ವಸಂತಮ್ಮನ ಮಣಿಕಟ್ಟು ಬಿಡಲಿಲ್ಲ. ಬಳೆಯೊಂದು ಒಡೆಯಿತು.

ಇಳಿದ ಪಂಕಜಾ ನೇರ ಇವರ ಬಳಿಗೆ ಬಂದು, ಹೊಲಿದವರು ಯಾರು ಎಂದು ಕೇಳಿ, ಇಬ್ಬರ ಕೈಯನ್ನೂ ಹಿಡಿದುಕೊಂಡು ಅಂಗೈ ತಿರುಗಿಸಿ ನೋಡಿದಳು. ಅನುಮತಿ ಕೇಳಿಟ್ಟಿದ್ದೇನೆ, ಒಂದು ಸುತ್ತು ಬರುತ್ತೀರಾ, ಆದರೆ ಒಂದು ಸಲಕ್ಕೆ ಒಬ್ಬರೇ ಎಂದಳು.

ನೀನು ಹೋಗು ಎಂದಳು ಅಕ್ಕ. ದೊಡ್ಡವಳು ನೀನು, ನೀನೇ ಹೋಗು ಎಂದಳು ತಂಗಿ. ನನಗೆ ಮೊಣಕಾಲು ಹಿಡಿದಿದೆ ಎಂದು ಅವಳು, ನನಗೆ ಬೆಳಗಿನಿಂದ ಹೊಟ್ಟೆ ಸರಿಯಿಲ್ಲ ಎಂದು ಇವಳು. ಕೊನೆಗೆ ಪಂಕಜಾ ಕೃಷ್ಣಮ್ಮನ ರಟ್ಟೆ ಹಿಡಿದು ಹತ್ತಿಸಿಯೇಬಿಟ್ಟಳು.

ನೆಲ ಬಿಟ್ಟದ್ದು ಯಾವಾಗ ಎಂದು ಕೃಷ್ಣಮ್ಮನಿಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿದ್ದಳು. ಚಕ್ರಗಳ ಗಡಗಡ ನಿಂತು ಹೋದಾಗ ತೆರೆದಳು. ಕೆಳಗೆ ನೋಡಲು ಧೈರ್ಯ ಸಾಲದೆ ಮೇಲೆ ನೋಡಿದಳು. ತಲೆಯ ಮೇಲೆ ರೆಕ್ಕೆ. ಅದರ ಕೆಳಮೈಯಲ್ಲಿ, ಪಟ್ಟಿಯಡಿಯಲ್ಲಿ, ಗೋಧಿಕಾಳಿನಷ್ಟು ಸಣ್ಣ ಉಬ್ಬುಗಳು ಸಾಲಾಗಿ ಹೋಗಿದ್ದವು. ಒಂದು ಸಾಲು ಅವಳದು, ಒಂದು ಸಾಲು ವಸಂತಮ್ಮನದು. ಒಂದೂ ಅಲ್ಲಾಡುತ್ತಿರಲಿಲ್ಲ. ಇಷ್ಟೇ ಇಷ್ಟು ದಾರ ಇಬ್ಬರನ್ನು ಹೊತ್ತು ನಿಂತಿದೆ ಎಂದು ನೋಡುತ್ತ ನೋಡುತ್ತ ಅವಳ ಭಯ ಹೋಯಿತು. ಆಗ ಕೆಳಗೆ ನೋಡಿದಳು. ಹೊಲಗಳು, ಕೆರೆಗಳು, ದೂರದಲ್ಲಿ ಬಿಸಿಲಿಗೆ ಮಿನುಗುವ ಶೀಟಿನ ಸೂರುಗಳು. ಪೀಣ್ಯ ಅದೇ ಎಂದು ಪಂಕಜಾ ಬೆರಳು ತೋರಿಸಿ ಕೂಗಿದಳು. ಅದರಾಚೆ ನೂಲಿನ ಹಾಗೆ ತುಮಕೂರು ರಸ್ತೆ. ಮಾಕಳಿ ಎಲ್ಲಿ ಎಂದು ಕೃಷ್ಣಮ್ಮ ಹುಡುಕುತ್ತಿರುವಾಗಲೇ ಪಂಕಜಾ ವಿಮಾನವನ್ನು ವಾಲಿಸಿದಳು. ಭೂಮಿಯೆಲ್ಲ ತಟ್ಟೆಯ ಹಾಗೆ ಓರೆಯಾಗಿ ಎದ್ದು ನಿಂತಿತು. ಕೃಷ್ಣಮ್ಮ ದೇವರ ಹೆಸರು ಹೇಳಲು ಬಾಯಿ ತೆರೆದಳು, ಬಂದದ್ದು ನಗು.

ಇಳಿದಾಗ ಅವಳ ಸೆರಗು ಎಲ್ಲೋ, ತುರುಬು ಎಲ್ಲೋ. ಹೇಗಿತ್ತು ಎಂದು ವಸಂತಮ್ಮ ಕೇಳಿದಳು. ಕೃಷ್ಣಮ್ಮ ಅವಳ ಬೆನ್ನಿಗೆ ಕೈಯಿಟ್ಟು ವಿಮಾನದ ಕಡೆ ನೂಕಿದಳು. ವಸಂತಮ್ಮ ಹೊಟ್ಟೆನೋವು ಮರೆತು ಹತ್ತಿದಳು.

ವಿಮಾನ ಓಡಿತು, ಹಗುರಾಯಿತು, ನೆಲ ಬಿಟ್ಟಿತು. ಹಳದಿ ರೆಕ್ಕೆಗೆ ಬಿಸಿಲು ಬಿದ್ದು ಅದರೊಳಗಿನ ಪಕ್ಕೆಲುಬುಗಳ ನೆರಳು ಒಂದೊಂದೂ ಎಣಿಸುವ ಹಾಗೆ ಕಂಡಿತು. ಕೃಷ್ಣಮ್ಮ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹಿಡಿದ ಮೊಣಕಾಲನ್ನು ಲೆಕ್ಕಿಸದೆ, ಬೇಲಿಯುದ್ದಕ್ಕೂ ಅದರ ಹಿಂದೆ ಓಡಿದಳು. ಬಿದ್ದೀರಿ ಎಂದು ಗೋಪಾಲಕೃಷ್ಣ ಹಿಂದಿನಿಂದ ಕೂಗುತ್ತ ಬಂದ. ಅವಳು ನಿಲ್ಲಲಿಲ್ಲ. ಎರಡು ಕೈಯನ್ನೂ ಮೇಲೆತ್ತಿ ಬೀಸುತ್ತ, ಮೇಲಿದ್ದವಳಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ, ಕೆಳಗೆ ನೋಡೇ, ಕಣ್ಣು ಮುಚ್ಚಬೇಡ ಕಣೇ ಎಂದು ಹೇಳುತ್ತ, ಬೇಲಿ ಮುಗಿಯುವವರೆಗೂ ಓಡಿದಳು.